ಮೋಟಾರಿನ ಬ್ಯಾಟರಿ ಏಕೆ ಕುದಿಯುತ್ತದೆ?

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ತಾಲೂಕುಗಳ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಮುಗಳಖೋಡದಂತಹ ಊರುಗಳ ಹೊಲಗಳಿಂದ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳೂ ಲಾರಿಗಳೂ ಹಗಲಿರುಳೆನ್ನದೆ ಸಕ್ಕರೆ ಕಾರ್ಖಾನೆಗಳತ್ತ ಸಾಗುತ್ತವೆ. ಅವುಗಳ ನಡುವೆ ಜನರನ್ನು ಹೊತ್ತ ಜೀಪುಗಳೂ ಕಾರುಗಳೂ ದಾರಿ ಬಿಡಿಸಿಕೊಂಡು ಓಡುತ್ತವೆ. ಈ ಪ್ರತಿಯೊಂದು ವಾಹನದ ಎಂಜಿನ್ನಿನ ಪಕ್ಕದಲ್ಲಿಯೂ ಒಂದು ಬ್ಯಾಟರಿ ಕುಳಿತಿದೆ. ಅದು ಸರಿಯಾಗಿರುವ ತನಕ ಅದರ ನೆನಪು ಯಾರಿಗೂ ಬರುವುದಿಲ್ಲ. ಅದು ಕೆಟ್ಟ ದಿನ ಬಂಡಿಯೂ ನಿಲ್ಲುತ್ತದೆ, ಬಂಡಿಯನ್ನು ನೆಚ್ಚಿಕೊಂಡವರ ಗಳಿಕೆಯೂ ನಿಲ್ಲುತ್ತದೆ.

ಬ್ಯಾಟರಿಯು ಕೆಡುವ ಬಗೆಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ನಾವು ಈ ಲೇಖನದಲ್ಲಿ ಪರಿಶೀಲಿಸೋಣ. ಬ್ಯಾಟರಿಯ ನೀರು ವಾರವಾರವೂ ಇಳಿಯುತ್ತಿದೆ. ಬಿರಡೆ ತೆಗೆದು ಕಿವಿಗೊಟ್ಟರೆ ಒಳಗೆ ಕುದಿಯುವ ಸದ್ದು ಕೇಳಿಸುತ್ತಿದೆ. ಮೇಲ್ಭಾಗವು ಆಮ್ಲದಿಂದ ತೊಯ್ದು ತಂತಿಯ ತುದಿಗಳ ಮೇಲೆ ಬಿಳಿ, ಹಸಿರು ಬಣ್ಣದ ಪುಡಿ ಕಟ್ಟಿದೆ. ಎಂಜಿನ್ನಿನ ವೇಗ ಏರಿದಂತೆ ದೀಪಗಳು ಕಣ್ಣು ಕೋರೈಸುತ್ತವೆ, ಮತ್ತೆ ಮತ್ತೆ ಸುಟ್ಟುಹೋಗುತ್ತವೆ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ತೀರ್ಪು, ‘ಬ್ಯಾಟರಿ ಹೋಯಿತು, ಹೊಸದು ಹಾಕಿಸಿ’ ಎಂಬುದು. ಹೊಸ ಬ್ಯಾಟರಿ ಬರುತ್ತದೆ. ಕೆಲವು ತಿಂಗಳುಗಳಲ್ಲಿ ಅದೂ ಕುದಿಯಲಾರಂಭಿಸುತ್ತದೆ. ಏಕೆಂದರೆ ದೋಷವು ಅನೇಕ ವೇಳೆ ಬ್ಯಾಟರಿಯದಲ್ಲ. ಅದಕ್ಕೆ ಮಿತಿಮೀರಿ ವಿದ್ಯುತ್ತನ್ನು ತುಂಬುತ್ತಿರುವ ವ್ಯವಸ್ಥೆಯದು. ಆ ದೋಷವನ್ನು ಪತ್ತೆಹಚ್ಚಲು ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮವೂ ಒಂದು ವೋಲ್ಟ್ ಮೀಟರೂ ಬಹುಮಟ್ಟಿಗೆ ಸಾಕು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಬ್ಯಾಟರಿಯ ಒಳಗೆ ನಡೆಯುವುದೇನು?

ಮೋಟಾರು ವಾಹನಗಳಲ್ಲಿ ಬಳಸುವ ಸೀಸ-ಆಮ್ಲ ಸಂಗ್ರಾಹಕ ಕೋಶವನ್ನು ಮೊದಲು ರಚಿಸಿದವನು ಫ್ರಾನ್ಸಿನ ಗಸ್ತೋಂ ಪ್ಲಾಂಟೆ, ವರ್ಷ ೧೮೫೯. ೧೮೮೧ರಲ್ಲಿ ಅದೇ ದೇಶದ ಕಮೀಯ್ ಫೋರ್ ಎಂಬುವನು ಫಲಕಗಳಿಗೆ ಸೀಸದ ಸಂಯುಕ್ತದ ಲೇಪವನ್ನು ಮೆತ್ತುವ ವಿಧಾನವನ್ನು ಕಂಡುಹಿಡಿದು ಅದನ್ನು ಕೈಗಾರಿಕೆಗೆ ಯೋಗ್ಯವಾಗಿ ಮಾಡಿದನು. ಇಂದಿನ ಬ್ಯಾಟರಿಯ ಮೂಲತತ್ವವೂ ಅದೇ. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಸ್ಪಂಜಿನಂತಹ ಸೀಸ, ನಡುವೆ ನೀರು ಬೆರಸಿದ ಗಂಧಕಾಮ್ಲ. ಇಷ್ಟೇ ಅದರ ಸಾಮಗ್ರಿ. ಬ್ಯಾಟರಿಯಿಂದ ನಾವು ವಿದ್ಯುತ್ತನ್ನು ಪಡೆಯುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಉಂಟಾಗುತ್ತದೆ, ಆಮ್ಲವು ತೆಳ್ಳಗಾಗುತ್ತದೆ. ವಿರುದ್ಧ ದಿಕ್ಕಿನಲ್ಲಿ ಪ್ರವಾಹವನ್ನು ಹಾಯಿಸಿದರೆ ಸಲ್ಫೇಟು ಮೊದಲಿನ ಪದಾರ್ಥಗಳಾಗಿ ಮಾರ್ಪಡುತ್ತದೆ. ಆಮ್ಲವು ಮತ್ತೆ ಗಟ್ಟಿಯಾಗುತ್ತದೆ. ಇದನ್ನೇ ಬ್ಯಾಟರಿಯನ್ನು ‘ಚಾರ್ಜು’ ಮಾಡುವುದು ಎನ್ನುತ್ತೇವೆ.

ಪೂರ್ಣ ತುಂಬಿದ ಒಂದು ಕೋಶದ ವೋಲ್ಟೇಜು ವಿಶ್ರಾಂತಿಯಲ್ಲಿ ಸುಮಾರು ೨.೧. ನಾವು ಹನ್ನೆರಡು ವೋಲ್ಟಿನ ಬ್ಯಾಟರಿ ಎಂದು ಕರೆಯುವ ಪೆಟ್ಟಿಗೆಯಲ್ಲಿ ಇಂತಹ ಆರು ಕೋಶಗಳು ಸಾಲಾಗಿ ಕೂಡಿರುವುದರಿಂದ ಒಟ್ಟು ವೋಲ್ಟೇಜು ಸುಮಾರು ೧೨.೬ ಆಗುತ್ತದೆ. ಅದರೊಳಕ್ಕೆ ವಿದ್ಯುತ್ತನ್ನು ತಳ್ಳಬೇಕಾದರೆ ಇದಕ್ಕಿಂತ ಹೆಚ್ಚಿನ ವೋಲ್ಟೇಜು ಬೇಕು. ಕೋಶವೊಂದಕ್ಕೆ ೨.೩ರಿಂದ ೨.೪ ವೋಲ್ಟಿನಂತೆ, ಇಡೀ ಬ್ಯಾಟರಿಗೆ ೧೩.೮ರಿಂದ ೧೪.೪ ವೋಲ್ಟಿನವರೆಗೆ ಕೊಡುವುದು ವಾಡಿಕೆ.

ಸಲ್ಫೇಟೆಲ್ಲವೂ ಮುಗಿದ ಮೇಲೆಯೂ ಪ್ರವಾಹವನ್ನು ಹಾಯಿಸುತ್ತಲೇ ಇದ್ದರೆ ಏನಾಗುತ್ತದೆ? ಮಾಡಲು ಬೇರೆ ಕೆಲಸವಿಲ್ಲದ ಪ್ರವಾಹವು ನೀರನ್ನೇ ಒಡೆಯಲಾರಂಭಿಸುತ್ತದೆ. ಋಣಫಲಕದಲ್ಲಿ ಜಲಜನಕವೂ ಧನಫಲಕದಲ್ಲಿ ಆಮ್ಲಜನಕವೂ ಗುಳ್ಳೆಗಳಾಗಿ ಮೇಲೇಳುತ್ತವೆ. ನಾವು ‘ಕುದಿಯುವುದು’ ಎಂದು ಕರೆಯುವುದು ಈ ವಿದ್ಯುದ್ವಿಶ್ಲೇಷಣೆಯನ್ನೇ. ಬೆಂಕಿಯ ಮೇಲಿನ ನೀರು ಆವಿಯಾಗುವಂತೆ ಇಲ್ಲಿ ನೀರು ಆವಿಯಾಗುತ್ತಿಲ್ಲ. ತನ್ನ ಮೂಲವಸ್ತುಗಳಾಗಿ ಒಡೆಯುತ್ತಿದೆ. ತತ್ವತಃ ನೀರನ್ನು ಒಡೆಯಲು ೧.೨೩ ವೋಲ್ಟುಗಳೇ ಸಾಕು. ಆದರೆ ಸೀಸದ ಮೇಲ್ಮೈಯಲ್ಲಿ ಅನಿಲವು ಬಿಡುಗಡೆಯಾಗುವುದು ಬಹಳ ನಿಧಾನ. ಆದುದರಿಂದ ಕೋಶದ ವೋಲ್ಟೇಜು ಸುಮಾರು ೨.೪ನ್ನು ಮುಟ್ಟುವವರೆಗೆ ಗುಳ್ಳೆಗಳು ಜೋರಾಗಿ ಏಳುವುದಿಲ್ಲ. ಸೀಸದ ಈ ಗುಣವಿರದಿದ್ದರೆ ಇಂತಹ ಬ್ಯಾಟರಿಯೇ ಸಾಧ್ಯವಾಗುತ್ತಿರಲಿಲ್ಲ.

ನೀರು ಒಡೆಯುವ ಲೆಕ್ಕ

ಫ್ಯಾರಡೆಯ ನಿಯಮವನ್ನು ಬಲ್ಲ ವಿದ್ಯಾರ್ಥಿಯು ನಷ್ಟವನ್ನು ಕಾಗದದ ಮೇಲೆಯೇ ಲೆಕ್ಕಹಾಕಬಹುದು. ಒಂದು ಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದರೆ ೩೬೦೦ ಕೂಲಂಬುಗಳಾಗುತ್ತವೆ. ಇಷ್ಟು ವಿದ್ಯುತ್ತು ಒಂದು ಕೋಶದಲ್ಲಿ ಸುಮಾರು ೦.೩೩೬ ಗ್ರಾಂ ನೀರನ್ನು ಒಡೆಯುತ್ತದೆ. ಆರು ಕೋಶಗಳಲ್ಲಿಯೂ ಅದೇ ಪ್ರವಾಹ ಹರಿಯುವುದರಿಂದ ಒಟ್ಟು ನಷ್ಟ ಸುಮಾರು ೨ ಗ್ರಾಂ. ಹತ್ತು ಆಂಪಿಯರುಗಳ ಅನವಶ್ಯಕ ಪ್ರವಾಹವು ದಿನಕ್ಕೆ ಐದು ಗಂಟೆಗಳಂತೆ ಹರಿದರೆ ದಿನವೊಂದಕ್ಕೆ ೧೦೦ ಗ್ರಾಂ ನೀರು ಮಾಯವಾಗುತ್ತದೆ. ಹತ್ತು ದಿನಗಳಲ್ಲಿ ಒಂದು ಲೀಟರು! ನೀರಿನ ಮಟ್ಟ ಇಳಿದು ಫಲಕಗಳ ಮೇಲಂಚು ಗಾಳಿಗೆ ತೆರೆದುಕೊಂಡರೆ ಆ ಭಾಗವು ಗಡುಸಾಗಿ ನಿರುಪಯುಕ್ತವಾಗುತ್ತದೆ. ಧನಫಲಕದ ಸೀಸದ ಚೌಕಟ್ಟು ಸವೆಯುತ್ತದೆ. ಲೇಪವು ಉದುರಿ ತಳದಲ್ಲಿ ಶೇಖರವಾಗುತ್ತದೆ. ಹೀಗೆ ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿಯು ತಿಂಗಳುಗಳಲ್ಲಿ ಮುಗಿದುಹೋಗಬಹುದು. ನೀರು ಹಾಕಲು ಬಾಯಿಯೇ ಇಲ್ಲದ ಮುಚ್ಚಿದ ಬ್ಯಾಟರಿಗಳ ಗತಿ ಇನ್ನೂ ಕಷ್ಟ. ಕಳೆದುಹೋದ ನೀರನ್ನು ತುಂಬುವಂತಿಲ್ಲ. ಪಕ್ಕಗಳು ಉಬ್ಬಿಕೊಂಡಿರುವುದೇ ಅಲ್ಲಿ ಕಾಣುವ ಗುರುತು.

ಜಲಜನಕದ ಲೆಕ್ಕವು ಇದಕ್ಕಿಂತ ಮುಖ್ಯವಾದುದು. ಒಂದು ಆಂಪಿಯರ್-ಗಂಟೆಗೆ ಒಂದು ಕೋಶದಿಂದ ಸುಮಾರು ೦.೪೨ ಲೀಟರು, ಅಂದರೆ ಆರು ಕೋಶಗಳಿಂದ ೨.೫ ಲೀಟರು ಜಲಜನಕ ಹೊರಡುತ್ತದೆ. ಹತ್ತು ಆಂಪಿಯರುಗಳಾದರೆ ಗಂಟೆಗೆ ೨೫ ಲೀಟರು. ಗಾಳಿಯಲ್ಲಿ ಜಲಜನಕದ ಪ್ರಮಾಣ ನೂರಕ್ಕೆ ನಾಲ್ಕರಷ್ಟಾದರೆ ಸಾಕು, ಮಿಶ್ರಣವು ಕಿಡಿಗೆ ಹೊತ್ತಿಕೊಳ್ಳಬಲ್ಲದು. ನೂರಕ್ಕೆ ಎಪ್ಪತ್ತೈದರವರೆಗೂ ಈ ಅಪಾಯವಿದೆ. ಕುದಿಯುತ್ತಿರುವ ಬ್ಯಾಟರಿಯ ಬಳಿ ಬೀಡಿ ಹೊತ್ತಿಸುವುದು, ಕಡ್ಡಿ ಗೀರಿ ನೀರಿನ ಮಟ್ಟ ನೋಡುವುದು, ತುದಿಗಳಿಗೆ ಸ್ಪ್ಯಾನರು ತಾಗಿಸಿ ಕಿಡಿ ಬರಿಸಿ ‘ಜೀವ ಇದೆಯೇ’ ಎಂದು ಪರೀಕ್ಷಿಸುವುದು, ಇವೆಲ್ಲವೂ ಕಣ್ಣನ್ನೇ ಪಣಕ್ಕಿಟ್ಟಂತೆ. ಪೆಟ್ಟಿಗೆ ಸಿಡಿದಾಗ ಹಾರುವುದು ಬರಿಯ ಚೂರುಗಳಲ್ಲ, ಗಂಧಕಾಮ್ಲ. ಆದುದರಿಂದ ಮುಂದೆ ಹೇಳುವ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ತಿಳಿದ ಮಿಸ್ತ್ರಿಯೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡತಕ್ಕದ್ದು. ಆಮ್ಲವು ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧವಾದ ನೀರಿನಿಂದ ಕಡಿಮೆಯೆಂದರೂ ಕಾಲು ಗಂಟೆ ತೊಳೆಯುತ್ತಿದ್ದು ವೈದ್ಯರಲ್ಲಿಗೆ ಹೋಗಬೇಕು.

ಆಲ್ಟರ್ನೇಟರೂ ಅದರ ಕಾವಲುಗಾರನೂ

ಬ್ಯಾಟರಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಹಿಂದಿನ ಅಂಬಾಸಡರ್, ಫಿಯಟ್ ಕಾರುಗಳಲ್ಲಿಯೂ ಜೀಪುಗಳಲ್ಲಿಯೂ ಇದಕ್ಕಾಗಿ ಡೈನಮೋ ಇರುತ್ತಿತ್ತು. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಆಲ್ಟರ್ನೇಟರು ಅದರ ಸ್ಥಾನವನ್ನು ಆಕ್ರಮಿಸಿತು. ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ ೧೯೬೦ರ ವ್ಯಾಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿತು. ಮುಂದೆ ಜಗತ್ತಿನ ಎಲ್ಲೆಡೆಯೂ ಅದೇ ರೂಢಿಯಾಯಿತು.

ಆಲ್ಟರ್ನೇಟರಿನ ತತ್ವವನ್ನು ಫ್ಯಾರಡೆಯು ೧೮೩೧ರಲ್ಲಿಯೇ ಕಂಡುಹಿಡಿದಿದ್ದನು. ಸುರುಳಿಯೊಂದರ ಬಳಿ ಕಾಂತಕ್ಷೇತ್ರವು ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ದೈತ್ಯ ಯಂತ್ರಗಳೂ ಬಾನೆಟ್ಟಿನ ಕೆಳಗಿನ ತೆಂಗಿನಕಾಯಿಯ ಗಾತ್ರದ ಈ ಯಂತ್ರವೂ ಒಂದೇ ಕುಲದವು. ಎರಡೂ ಮೂರು ಹಂತದ ಪರ್ಯಾಯ ಪ್ರವಾಹವನ್ನು ಕೊಡುತ್ತವೆ. ಕಾರಿನಲ್ಲಿ ತಿರುಗುವ ಭಾಗವೇ ಕಾಂತ. ಅದಕ್ಕೆ ಸುತ್ತಿದ ಕ್ಷೇತ್ರ ಸುರುಳಿಗೆ ಎರಡು ಕಾರ್ಬನ್ ಬ್ರಶ್ಶುಗಳ ಮೂಲಕ ಮೂರು ನಾಲ್ಕು ಆಂಪಿಯರುಗಳಷ್ಟು ಸಣ್ಣ ಪ್ರವಾಹವನ್ನು ಊಡುತ್ತಾರೆ. ಸುತ್ತಲಿನ ಸ್ಥಿರ ಸುರುಳಿಗಳಿಂದ ಹೊರಡುವ ಪರ್ಯಾಯ ಪ್ರವಾಹವು ಡಯೋಡುಗಳನ್ನು ಹಾದು ಏಕಮುಖವಾಗಿ ಬ್ಯಾಟರಿಯನ್ನು ಸೇರುತ್ತದೆ.

ಇಲ್ಲಿಯೇ ಒಂದು ತೊಡಕಿದೆ. ಉತ್ಪನ್ನವಾಗುವ ವೋಲ್ಟೇಜು ಎರಡನ್ನು ಅವಲಂಬಿಸುತ್ತದೆ: ತಿರುಗುವ ವೇಗ, ಕಾಂತಕ್ಷೇತ್ರದ ಬಲ. ಎಂಜಿನ್ನು ನಿಂತಲ್ಲಿ ಓಡುವಾಗ ನಿಮಿಷಕ್ಕೆ ೮೦೦ ಸುತ್ತು, ಹೆದ್ದಾರಿಯಲ್ಲಿ ೪೦೦೦ ಸುತ್ತು ಎಂದಿಟ್ಟುಕೊಳ್ಳೋಣ. ವೇಗವು ಐದು ಪಟ್ಟಾದಾಗ ವೋಲ್ಟೇಜೂ ಐದು ಪಟ್ಟಾಗಲು ಹವಣಿಸುತ್ತದೆ. ಅದನ್ನು ತಡೆಯುವ ಉಪಾಯವೆಂದರೆ ವೇಗ ಹೆಚ್ಚಿದಂತೆ ಕ್ಷೇತ್ರ ಸುರುಳಿಯ ಪ್ರವಾಹವನ್ನು ಕಡಿಮೆ ಮಾಡುವುದು. ಈ ಕೆಲಸಕ್ಕೆ ನೇಮಕವಾದ ಕಾವಲುಗಾರನೇ ವೋಲ್ಟೇಜ್ ರೆಗ್ಯುಲೇಟರು. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ‘ಕಟೌಟು’. ಹಳೆಯ ಮಾದರಿಯಲ್ಲಿ ಅದು ಅದುರುವ ಲೋಹದ ಸಂಪರ್ಕ. ಈಚಿನ ಮಾದರಿಗಳಲ್ಲಿ ಟ್ರಾನ್ಸಿಸ್ಟರುಗಳ ಮಂಡಲ. ಎರಡೂ ಮಾಡುವುದು ಒಂದೇ ಕೆಲಸ: ವೋಲ್ಟೇಜನ್ನು ಸದಾ ಅಳೆಯುವುದು, ನಿಗದಿಯಾದ ಅಂಕವನ್ನು ಮೀರಿದೊಡನೆ ಕ್ಷೇತ್ರಪ್ರವಾಹವನ್ನು ಕಡಿಯುವುದು, ಕೆಳಗಿಳಿದೊಡನೆ ಮತ್ತೆ ಬಿಡುವುದು.

ಕಾಲುವೆಯ ಬಾಗಿಲಲ್ಲಿ ನಿಂತವನನ್ನು ಕಲ್ಪಿಸಿಕೊಳ್ಳಿರಿ. ಕಾಲುವೆಯಲ್ಲಿ ನೆಟ್ಟ ಅಳತೆಗಲ್ಲಿನ ಮೇಲೆ ಅವನ ಕಣ್ಣಿದೆ. ನೀರು ಗುರುತನ್ನು ಮುಟ್ಟಿದರೆ ಬಾಗಿಲನ್ನು ಇಳಿಸುತ್ತಾನೆ; ಇಳಿದರೆ ಎತ್ತುತ್ತಾನೆ. ಈ ವ್ಯವಸ್ಥೆ ಕೆಡುವುದು ಮೂರು ವಿಧಗಳಲ್ಲಿ. ಕಾವಲುಗಾರನು ಮಲಗಿರಬಹುದು, ಇದು ರೆಗ್ಯುಲೇಟರಿನ ದೋಷ. ಬಾಗಿಲು ಮುರಿದು ತೆರೆದೇ ಉಳಿದಿರಬಹುದು; ಇದು ಕ್ಷೇತ್ರ ಸುರುಳಿಯ ತಂತಿಯ ದೋಷ. ಇನ್ನು ಮೂರನೆಯದು ಬಲು ಮೋಸದ್ದು: ಕಾವಲುಗಾರನೂ ಎಚ್ಚರವಾಗಿದ್ದಾನೆ, ಬಾಗಿಲೂ ಗಟ್ಟಿಯಾಗಿದೆ, ಆದರೆ ಅಳತೆಗಲ್ಲು ಸುಳ್ಳು ಹೇಳುತ್ತಿದೆ. ನೀರು ದಂಡೆ ಮೀರಿ ಹೊಲಕ್ಕೆ ನುಗ್ಗುತ್ತಿದ್ದರೂ ಕಲ್ಲು ‘ಇನ್ನೂ ಸಾಲದು’ ಎನ್ನುತ್ತಿದೆ. ಪ್ರಾಮಾಣಿಕನಾದ ಕಾವಲುಗಾರನು ಬಾಗಿಲನ್ನು ಇನ್ನಷ್ಟು ಎತ್ತುತ್ತಿದ್ದಾನೆ.

ಅಳತೆಯಿಂದ ಆರಂಭ

ಪರೀಕ್ಷೆಯ ಮೊದಲ ಹೆಜ್ಜೆ ಮೀಟರಿನ ಪರೀಕ್ಷೆ. ಅಗ್ಗದ ಕೆಲವು ಅಂಕೀಯ ಮೀಟರುಗಳು ತಮ್ಮೊಳಗಿನ ಕೋಶವು ಸೊರಗಿದಾಗ ಇರುವುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ತೋರಿಸುತ್ತವೆ. ಆದುದರಿಂದ ಹೊಸ ಕೋಶವನ್ನು ಹಾಕಿ, ಇನ್ನೊಂದು ಮೀಟರಿನೊಡನೆ ಹೋಲಿಸಿ ನೋಡುವುದು ಲೇಸು.

ಎರಡನೆಯ ಹೆಜ್ಜೆ ಬ್ಯಾಟರಿಯದೇ ಪರೀಕ್ಷೆ. ವಾಹನವು ಕೆಲವು ಗಂಟೆಗಳಾದರೂ ನಿಂತ ಮೇಲೆ, ಎಂಜಿನ್ನನ್ನು ಚಾಲೂ ಮಾಡದೆ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಬೇಕು. ೧೨.೬ರ ಆಸುಪಾಸಿನಲ್ಲಿದ್ದರೆ ಬ್ಯಾಟರಿ ತುಂಬಿದೆ. ಸುಮಾರು ೧೦.೫ ಇದ್ದರೆ? ಆರರಲ್ಲಿ ಒಂದು ಕೋಶವು ಒಳಗೇ ಕೂಡಿಕೊಂಡು ಸತ್ತಿದೆ ಎಂದು ಶಂಕಿಸಬೇಕು. ಆಗ ಆಲ್ಟರ್ನೇಟರು ಸರಿಯಾಗಿಯೇ ೧೪.೨ ವೋಲ್ಟು ಕೊಟ್ಟರೂ ಅದನ್ನು ಐದೇ ಕೋಶಗಳು ಹಂಚಿಕೊಳ್ಳಬೇಕು. ೧೪.೨ನ್ನು ಐದರಿಂದ ಭಾಗಿಸಿದರೆ ಕೋಶವೊಂದಕ್ಕೆ ೨.೮೪ ವೋಲ್ಟು. ೨.೪ಕ್ಕೇ ಗುಳ್ಳೆ ಏಳುವುದಾದರೆ ಈ ಐದು ಕೋಶಗಳು ಭೋರ್ಗರೆದು ಕುದಿಯುವುದರಲ್ಲಿ ಆಶ್ಚರ್ಯವೇನಿದೆ? ಇಲ್ಲಿ ಮಾತ್ರ ‘ಬ್ಯಾಟರಿ ಹೋಯಿತು’ ಎಂಬ ತೀರ್ಪು ನಿಜ. ಬಿರಡೆಗಳಿರುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಪ್ರತಿ ಕೋಶದ ಆಮ್ಲದ ವಿಶಿಷ್ಟ ಗುರುತ್ವವನ್ನು ಅಳೆದು ಇದನ್ನು ದೃಢಪಡಿಸಿಕೊಳ್ಳಬಹುದು, ಐದರಲ್ಲಿ ೧.೨೫ರ ಸುತ್ತ ಇದ್ದು ಒಂದರಲ್ಲಿ ಬಹಳ ಕಡಿಮೆಯಿದ್ದರೆ ಅಪರಾಧಿ ಆ ಕೋಶವೇ.

ಮೂರನೆಯ ಹೆಜ್ಜೆಯಲ್ಲಿ ಎಂಜಿನ್ನನ್ನು ಚಾಲೂ ಮಾಡಿ, ವೇಗವನ್ನು ನಿಮಿಷಕ್ಕೆ ಸುಮಾರು ೨೦೦೦ ಸುತ್ತುಗಳಿಗೆ ಏರಿಸಿ, ಬ್ಯಾಟರಿಯ ತುದಿಗಳ ನಡುವೆಯೇ ಮತ್ತೆ ಅಳೆಯಬೇಕು. ಮೀಟರು ೧೩.೮ರಿಂದ ೧೪.೫ರ ನಡುವೆ ನಿಂತರೆ ವ್ಯವಸ್ಥೆ ಸರಿಯಾಗಿದೆ. ೧೫ನ್ನು ಮೀರಿದರೆ ಅತಿಪೂರಣ ನಿಶ್ಚಯ. ವೇಗದೊಂದಿಗೆ ೧೬, ೧೭ ಎಂದು ತಡೆಯಿಲ್ಲದೆ ಏರುತ್ತ ಹೋದರೆ ಹತೋಟಿಯೇ ಇಲ್ಲವೆಂದು ಅರ್ಥ. ಕೂಡಲೇ ಎಂಜಿನ್ನನ್ನು ನಿಲ್ಲಿಸಬೇಕು. ಈಚಿನ ಕೆಲವು ಕಾರುಗಳಲ್ಲಿ ಎಂಜಿನ್ನಿನ ಗಣಕವೇ ವೋಲ್ಟೇಜನ್ನು ಬೇಕೆಂದೇ ಏರಿಳಿಸುವುದರಿಂದ, ಅವುಗಳ ಮಿತಿಯನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಬೇಸಗೆಯ ವಿಷಯವಾಗಿ ಒಂದು ಮಾತು. ಬ್ಯಾಟರಿಯು ಬಿಸಿಯಾದಷ್ಟೂ ಅದರಲ್ಲಿ ಗುಳ್ಳೆಗಳು ಕಡಿಮೆ ವೋಲ್ಟೇಜಿಗೇ ಏಳುತ್ತವೆ. ಕೋಶವೊಂದಕ್ಕೆ ಪ್ರತಿ ಸೆಲ್ಸಿಯಸ್ ಡಿಗ್ರಿಗೆ ಸುಮಾರು ೩ ಮಿಲಿವೋಲ್ಟಿನಂತೆ, ಬ್ಯಾಟರಿಗೆ ೧೮ ಮಿಲಿವೋಲ್ಟಿನಂತೆ ಪೂರಣದ ವೋಲ್ಟೇಜನ್ನು ಇಳಿಸಬೇಕಾಗುತ್ತದೆ. ೨೫ ಡಿಗ್ರಿಯಲ್ಲಿ ೧೪.೪ ಯೋಗ್ಯವಾದರೆ ೪೫ ಡಿಗ್ರಿಯಲ್ಲಿ ಸುಮಾರು ೧೪.೦ ಸಾಕು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ, ಎಂಜಿನ್ನಿನ ಶಾಖವೂ ಸೇರಿದ ಬಾನೆಟ್ಟಿನ ಕೆಳಗೆ, ಈ ಅಂತರಕ್ಕೆ ಬೆಲೆಯಿದೆ. ಚಳಿಗಾಲದಲ್ಲಿ ತೊಂದರೆ ಕೊಡದ ವಾಹನವು ಬೇಸಗೆಯಲ್ಲಿ ಮಾತ್ರ ನೀರು ಕುಡಿಯುವುದಕ್ಕೆ ಇದೂ ಒಂದು ಕಾರಣ.

ಸುಳ್ಳು ಹೇಳುವ ಅಳತೆಗಲ್ಲು

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಗಳಖೋಡದಿಂದ ರಾಯಬಾಗದ ರೈಲು ನಿಲ್ದಾಣಕ್ಕೆ ಬಾಡಿಗೆಗೆ ಓಡುವ ಹಳೆಯ ಡೀಸೆಲ್ ಜೀಪೊಂದಿದೆ ಎನ್ನೋಣ. ಅದರ ರೆಗ್ಯುಲೇಟರು ಆಲ್ಟರ್ನೇಟರಿನಿಂದ ಪ್ರತ್ಯೇಕವಾಗಿ ಜೀಪಿನ ಮೈಗೆ ಜೋಡಿಸಿದ ಬಗೆಯದು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿಗಳೂ ಒಂದು ರೆಗ್ಯುಲೇಟರೂ ಬದಲಾಗಿವೆ. ಆದರೂ ಮೂರನೆಯ ಬ್ಯಾಟರಿಯು ಕುದಿಯುತ್ತಿದೆ. ೨೦೦೦ ಸುತ್ತುಗಳ ವೇಗದಲ್ಲಿ ಬ್ಯಾಟರಿಯ ಮೇಲೆ ಮೀಟರು ೧೫.೬ ತೋರಿಸುತ್ತದೆ. ಮಾಲೀಕನು ಇನ್ನೊಂದು ರೆಗ್ಯುಲೇಟರಿಗೆ ಹಣ ಹೊಂದಿಸುತ್ತಿದ್ದಾನೆ. ನಾವು ಅವನಿಗೆ ಏನು ಹೇಳಬೇಕು?

ಮೊದಲು ಕೇಳಬೇಕಾದ ಪ್ರಶ್ನೆ: ಬ್ಯಾಟರಿಯ ಮೇಲೆ ೧೫.೬ ಇರುವುದನ್ನು ನಾವು ಕಂಡೆವು, ರೆಗ್ಯುಲೇಟರಿಗೆ ಕಾಣುತ್ತಿರುವುದೆಷ್ಟು? ಎಂಜಿನ್ನು ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಅಳತೆಯ ತಂತಿಯ ತುದಿಗೂ ಇನ್ನೊಂದನ್ನು ಅದರ ಲೋಹದ ಹೊದಿಕೆಗೂ ತಾಗಿಸೋಣ. ಮೀಟರು ೧೪.೨ ಎನ್ನುತ್ತದೆ. ಈಗ ಗುಟ್ಟು ರಟ್ಟಾಯಿತು. ರೆಗ್ಯುಲೇಟರು ತನಗೆ ಕಂಡ ವೋಲ್ಟೇಜನ್ನು ೧೪.೨ಕ್ಕೆ ನಿಷ್ಠೆಯಿಂದ ನಿಲ್ಲಿಸುತ್ತಿದೆ. ಬ್ಯಾಟರಿಯಿಂದ ಅದರವರೆಗಿನ ದಾರಿಯಲ್ಲಿ ೧.೪ ವೋಲ್ಟು ಎಲ್ಲಿಯೋ ಸೋರಿಹೋಗುತ್ತಿದೆ.

ಎಲ್ಲಿ ಎಂಬುದನ್ನು ಮೀಟರೇ ಹೇಳಬಲ್ಲದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರದ ಮೇಲಿಟ್ಟು, ಇನ್ನೊಂದನ್ನು ಆ ದಾರಿಯ ಒಂದೊಂದೇ ಕೂಡುತಾಣಕ್ಕೆ ಸರಿಸುತ್ತ ಹೋಗಬೇಕು: ಫ್ಯೂಸು, ಚಾವಿಯ ಸ್ವಿಚ್ಚಿನ ಒಳದಾರಿ, ಅದರ ಹೊರದಾರಿ, ರೆಗ್ಯುಲೇಟರು. ಒಳ್ಳೆಯ ಸಂಪರ್ಕಗಳಲ್ಲಿ ವ್ಯತ್ಯಾಸವು ವೋಲ್ಟಿನ ಒಂದೆರಡು ದಶಾಂಶಗಳನ್ನು ಮೀರಬಾರದು. ನಮ್ಮ ಜೀಪಿನಲ್ಲಿ ಚಾವಿಯ ಸ್ವಿಚ್ಚಿನ ಒಳದಾರಿಯವರೆಗೆ ವ್ಯತ್ಯಾಸ ಕಾಣದಷ್ಟು ಕಡಿಮೆ. ಹೊರದಾರಿಯಲ್ಲಿ ಒಮ್ಮೆಲೇ ೧.೪. ಆ ಸ್ವಿಚ್ಚಿನ ಮೂಲಕ ಕ್ಷೇತ್ರಪ್ರವಾಹವೂ ಇತರ ಉಪಕರಣಗಳ ಪ್ರವಾಹವೂ ಸೇರಿ ೭ ಆಂಪಿಯರು ಹರಿಯುತ್ತಿದ್ದರೆ, ಓಮನ ನಿಯಮದಂತೆ ಸವೆದ ಸಂಪರ್ಕದ ರೋಧವು ೦.೨ ಓಮು. ಅಲ್ಲಿ ವ್ಯರ್ಥವಾಗುತ್ತಿರುವ ಸಾಮರ್ಥ್ಯವು ೭ನ್ನು ೧.೪ರಿಂದ ಗುಣಿಸಿದಷ್ಟು, ಅಂದರೆ ಸುಮಾರು ೧೦ ವಾಟು. ಕೈಯಿಟ್ಟು ನೋಡಿದರೆ ಸ್ವಿಚ್ಚು ಬಿಸಿಯಾಗಿರುವುದೇ ಇದಕ್ಕೆ ಸಾಕ್ಷಿ.

ಇನ್ನೂ ಒಂದು ಸೊಗಸಾದ ಪರೀಕ್ಷೆಯಿದೆ. ಅದೇ ಸ್ವಿಚ್ಚಿನ ಮೂಲಕ ವಿದ್ಯುತ್ತನ್ನು ಪಡೆಯುವ ಗಾಜು ಒರಸುವ ವೈಪರನ್ನು ಓಡಿಸೋಣ. ಅದಕ್ಕೆ ೩ ಆಂಪಿಯರು ಬೇಕೆಂದುಕೊಂಡರೆ ಸ್ವಿಚ್ಚಿನ ಪ್ರವಾಹವು ೧೦ಕ್ಕೆ ಏರಿ, ಸೋರಿಕೆಯು ೨.೦ ವೋಲ್ಟಾಗುತ್ತದೆ. ರೆಗ್ಯುಲೇಟರು ತನ್ನ ೧೪.೨ನ್ನು ಕಾಯ್ದುಕೊಳ್ಳಲೆಂದು ಆಲ್ಟರ್ನೇಟರನ್ನು ಇನ್ನಷ್ಟು ದುಡಿಸುತ್ತದೆ. ಬ್ಯಾಟರಿಯ ವೋಲ್ಟೇಜು ೧೬.೨ಕ್ಕೆ ಏರುತ್ತದೆ! ಹೊರೆಯನ್ನು ಹೆಚ್ಚಿಸಿದಾಗ ವೋಲ್ಟೇಜು ಸ್ವಲ್ಪ ಇಳಿಯಬೇಕಾದುದು ಲೋಕನಿಯಮ. ಇಳಿಯುವ ಬದಲು ಏರಿದರೆ ಅಳತೆಗಲ್ಲು ಸುಳ್ಳಾಡುತ್ತಿದೆ ಎಂದು ತಿಳಿಯಬೇಕು.

ಇದೇ ಮೋಸವು ಋಣಾಗ್ರದ ಕಡೆಯಿಂದಲೂ ನಡೆಯಬಹುದು. ಜೀಪಿನ ಮೈಯನ್ನು ಎಂಜಿನ್ನಿಗೂ ಬ್ಯಾಟರಿಗೂ ಕೂಡಿಸುವ ಅರ್ಥಿನ ಪಟ್ಟಿ ತುಕ್ಕು ಹಿಡಿದಿದ್ದರೆ, ದೀಪಗಳ ಪ್ರವಾಹವು ಮರಳಿ ಹೋಗುವಾಗ ಮೈಯ ವಿಭವವನ್ನು ಮೇಲೆತ್ತುತ್ತದೆ. ಆ ಮೈಗೆ ಅಂಟಿಕೊಂಡ ರೆಗ್ಯುಲೇಟರಿಗೆ ವೋಲ್ಟೇಜು ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ. ಬ್ಯಾಟರಿಯ ಋಣಾಗ್ರಕ್ಕೂ ರೆಗ್ಯುಲೇಟರಿನ ಹೊದಿಕೆಗೂ ನಡುವೆ, ದೀಪಗಳನ್ನು ಉರಿಸಿ ಅಳೆದರೆ ಇದು ಬಯಲಾಗುತ್ತದೆ.

ನಮ್ಮ ಜೀಪಿಗೆ ಬೇಕಾದುದು ಬ್ಯಾಟರಿಯೂ ಅಲ್ಲ, ರೆಗ್ಯುಲೇಟರೂ ಅಲ್ಲ. ಒಂದು ಚಾವಿಯ ಸ್ವಿಚ್ಚು. ಎರಡು ಬ್ಯಾಟರಿಗಳ ಬೆಲೆಯ ಮುಂದೆ ಅದರ ಬೆಲೆ ಎಷ್ಟು ಅಲ್ಪವೆಂಬುದನ್ನು ವಾಚಕರೇ ಹೋಲಿಸಿ ನೋಡಬಹುದು.

ರೆಗ್ಯುಲೇಟರಿನ ತುದಿಗಳಲ್ಲಿಯೂ ೧೫.೬ ಕಂಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ಎಂಜಿನ್ನನ್ನು ನಿಲ್ಲಿಸಿ, ರೆಗ್ಯುಲೇಟರಿನಿಂದ ಕ್ಷೇತ್ರ ಸುರುಳಿಗೆ ಹೋಗುವ ತಂತಿಯನ್ನು ಕಳಚಿ, ಅದರ ತುದಿಯು ಎಲ್ಲಿಯೂ ತಾಗದಂತೆ ಕಟ್ಟಿ, ಮತ್ತೆ ಎಂಜಿನ್ನನ್ನು ಚಾಲೂ ಮಾಡಬೇಕು. ವೋಲ್ಟೇಜು ಏರದೆ ೧೨.೬ರ ಕೆಳಗೇ ಉಳಿದರೆ ಆಲ್ಟರ್ನೇಟರು ನಿರ್ದೋಷಿ. ಕಾವಲುಗಾರನು ಮಲಗಿದ್ದಾನೆ, ರೆಗ್ಯುಲೇಟರನ್ನು ಬದಲಿಸಬೇಕು. ತಂತಿ ಕಳಚಿದ ಮೇಲೆಯೂ ವೋಲ್ಟೇಜು ಏರಿದರೆ ಕ್ಷೇತ್ರ ಸುರುಳಿಗೆ ಬೇರೊಂದು ಕಳ್ಳದಾರಿಯಿಂದ ಪ್ರವಾಹ ದೊರೆಯುತ್ತಿದೆ. ಬ್ರಶ್ಶಿನ ಹಿಡಿಕೆಯಲ್ಲಿಯೋ ಹೊದಿಕೆ ಸವೆದ ತಂತಿಯಲ್ಲಿಯೋ ಲೋಹಕ್ಕೆ ಲೋಹ ತಾಗಿದೆ. ಬಾಗಿಲೇ ಮುರಿದಿರುವಾಗ ಕಾವಲುಗಾರರನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ. ರೆಗ್ಯುಲೇಟರು ಆಲ್ಟರ್ನೇಟರಿನ ಒಳಗೇ ಇರುವ ಈಚಿನ ಮಾದರಿಗಳಲ್ಲಿ ಈ ಕೊನೆಯ ಪರೀಕ್ಷೆಯನ್ನು ಹೊರಗಿನಿಂದ ಮಾಡಲಾಗದು. ಅಲ್ಲಿ ಯಂತ್ರವನ್ನು ಬಿಚ್ಚಿ ಪರೀಕ್ಷಿಸುವವರ ಬಳಿಗೆ ಒಯ್ಯಬೇಕು.

ಎಂದಿಗೂ ಮಾಡಬಾರದ ಪರೀಕ್ಷೆ

ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು, ‘ಎಂಜಿನ್ನು ನಿಲ್ಲಲಿಲ್ಲ, ಆದುದರಿಂದ ಆಲ್ಟರ್ನೇಟರು ಚೆನ್ನಾಗಿದೆ’ ಎಂದು ತೀರ್ಮಾನಿಸುವ ಪದ್ಧತಿಯೊಂದಿದೆ. ಡೈನಮೋ ಕಾಲದಿಂದ ಉಳಿದುಬಂದ ಈ ಪದ್ಧತಿಯು ಆಲ್ಟರ್ನೇಟರಿಗೆ ಮೃತ್ಯುಸಮಾನ. ಬ್ಯಾಟರಿಯು ದೊಡ್ಡ ಕೆರೆಯಂತೆ ವೋಲ್ಟೇಜಿನ ಏರಿಳಿತಗಳನ್ನು ನುಂಗಿಕೊಳ್ಳುತ್ತಿರುತ್ತದೆ. ಹತ್ತಾರು ಆಂಪಿಯರುಗಳನ್ನು ಸ್ವೀಕರಿಸುತ್ತಿದ್ದ ಈ ಕೆರೆಯನ್ನು ಥಟ್ಟನೆ ತಪ್ಪಿಸಿದರೆ ಆ ಪ್ರವಾಹಕ್ಕೆ ಹೋಗಲು ಎಡೆಯಿಲ್ಲ. ರೆಗ್ಯುಲೇಟರು ಕ್ಷೇತ್ರಪ್ರವಾಹವನ್ನು ಕಡಿದರೂ ಸುರುಳಿಯ ಸ್ವಪ್ರೇರಣೆಯ ಕಾರಣ ಅದು ಒಮ್ಮೆಲೇ ಇಳಿಯಲಾರದು. ಆ ಕ್ಷಣಕಾಲದಲ್ಲಿ ವೋಲ್ಟೇಜು ಹಲವು ಹತ್ತುಗಳಿಗೆ, ಕೆಲವೊಮ್ಮೆ ನೂರನ್ನೂ ಮೀರಿ ಜಿಗಿಯಬಹುದು. ಡಯೋಡುಗಳೂ ಎಂಜಿನ್ನಿನ ಗಣಕವೂ ಸುಟ್ಟುಹೋಗಲು ಅಷ್ಟೇ ಸಾಕು. ಇದಲ್ಲದೆ ಕಿತ್ತ ತಂತಿಯ ತುದಿಯಲ್ಲಿ ಏಳುವ ಕಿಡಿಯು ಜಲಜನಕದ ನೆರೆಯಲ್ಲಿಯೇ ಏಳುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಟರಿಯ ತಂತಿಗಳನ್ನು ಕಳಚುವುದಿದ್ದರೆ ಎಂಜಿನ್ನನ್ನು ನಿಲ್ಲಿಸಿ, ಅನಿಲವು ಚೆದುರಲು ಹೊತ್ತು ಕೊಟ್ಟು, ಋಣಾಗ್ರದ ತಂತಿಯನ್ನು ಮೊದಲು ಕಳಚಬೇಕು. ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು.

ಅತಿಯಾದ ವೋಲ್ಟೇಜಿನ ಕೇಡು ಬ್ಯಾಟರಿಗಷ್ಟೇ ಸೀಮಿತವಲ್ಲ. ತಂತುವಿನ ದೀಪವೊಂದಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚಿನ ವೋಲ್ಟೇಜನ್ನು ಕೊಟ್ಟರೆ ಅದರ ಆಯುಷ್ಯವು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಬ್ಬಿನ ಟ್ರೇಲರುಗಳು ಕತ್ತಲಲ್ಲಿ ನಿಂತಿರುವ ರಸ್ತೆಯ ಮೇಲೆ ಮುಂದಿನ ದೀಪವು ಹಠಾತ್ತನೆ ಆರಿಹೋದರೆ ಏನಾಗಬಹುದೆಂಬುದನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಅಳೆಯದೆ ಬದಲಿಸುವುದಕ್ಕಿಂತ ಬದಲಿಸುವ ಮೊದಲು ಅಳೆಯುವುದು ಅಗ್ಗದ ದಾರಿ ಎಂಬುದಿಷ್ಟೇ ಈ ಲೇಖನದ ಸಾರ. ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನೆಯನ್ನು ಇಲ್ಲಿ ಉಳಿಸಿರುತ್ತೇವೆ. ರೆಗ್ಯುಲೇಟರಿನ ಅಳತೆಯ ತಂತಿಯಲ್ಲಿ ರೋಧವಿದ್ದರೆ ಬ್ಯಾಟರಿಯು ಮಿತಿಮೀರಿ ತುಂಬುತ್ತದೆ ಎಂದು ಕಂಡೆವು. ಅದೇ ೦.೨ ಓಮಿನ ರೋಧವು ಅಲ್ಲಿರದೆ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ 
ದಪ್ಪ ತಂತಿಯ ತುದಿಯಲ್ಲಿದ್ದು, ರೆಗ್ಯುಲೇಟರು ಆಲ್ಟರ್ನೇಟರಿನ ಬಳಿಯಲ್ಲಿಯೇ ವೋಲ್ಟೇಜನ್ನು ಅಳೆಯುತ್ತಿದ್ದರೆ ಬ್ಯಾಟರಿಯ ಪಾಡೇನು? ಅದು ಕುದಿಯುವುದೋ, ಹಸಿದಿರುವುದೋ? ಕಾಲುವೆಯ ಚಿತ್ರವೊಂದನ್ನು ಬರೆದು, ಅಳತೆಗಲ್ಲು ಎಲ್ಲಿ ನೆಟ್ಟಿದೆ ಎಂಬುದನ್ನು ಗುರುತಿಸಿಕೊಂಡರೆ ಉತ್ತರವು ತಾನಾಗಿಯೇ ಹೊಳೆಯುವುದು.